ಕಂಬಕ್ಕೇರಿದ ಎಚ್ಚರಿಕೆ: ಬಂಗಾಳ ಕೊಲ್ಲಿಯ ಕಡಲುಬ್ಬರದ ಚರಿತ್ರೆ

ಬಂಗಾಳ ಕೊಲ್ಲಿಯ ತೀರಗಳಲ್ಲಿ ಚಂಡಮಾರುತಗಳು ಮಾಡಿದ ಜೀವಹಾನಿಯ ದಾಖಲೆಗಳನ್ನು ಹದಿನೆಂಟನೆಯ ಶತಮಾನದಿಂದ ಈಚೆಗೆ ಒಂದೊಂದಾಗಿ ನೋಡುತ್ತ ಬಂದರೆ, ಗಾಳಿಯ ಹೊಡೆತಕ್ಕೆ ಸಿಕ್ಕಿ ಸತ್ತವರಿಗಿಂತ ನೀರಿನಲ್ಲಿ ಮುಳುಗಿ ಸತ್ತವರ ಸಂಖ್ಯೆಯೇ ಬಹಳ ದೊಡ್ಡದೆಂಬುದು ಸ್ಪಷ್ಟವಾಗುತ್ತದೆ. ಗಾಳಿ ಮನೆಯ ಮಾಡನ್ನು ಹಾರಿಸುತ್ತದೆ, ತೆಂಗು ತಾಳೆಗಳನ್ನು ಬುಡಮೇಲು ಮಾಡುತ್ತದೆ. ಆದರೆ ಸಾವಿರಗಟ್ಟಲೆ ಜನರನ್ನು ಒಂದೇ ಇರುಳಿನಲ್ಲಿ ಬಲಿ ತೆಗೆದುಕೊಂಡದ್ದು ಗಾಳಿಯ ಹಿಂದೆಯೇ ನುಗ್ಗಿ ಬಂದ ಸಮುದ್ರ. ದಿನಕ್ಕೆರಡು ಬಾರಿ ಬಂದುಹೋಗುವ ಉಬ್ಬರವಿಳಿತದಿಂದ ಇದನ್ನು ಬೇರೆಯಾಗಿ ಗುರುತಿಸುವುದಕ್ಕಾಗಿ ಇಲ್ಲಿ ಕಡಲುಬ್ಬರ ಎಂದು ಕರೆಯಲಾಗಿದೆ; ಆಂಧ್ರದ ಕರಾವಳಿಯ ಜನ ಇದನ್ನು ಉಪ್ಪೆನ ಎನ್ನುತ್ತಾರೆ. ಈ ಕಡಲುಬ್ಬರದ ಕಾರಣಗಳು ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೇ ಸಾಕಷ್ಟು ಗೊತ್ತಾಗಿದ್ದವು. ಹಾಗಿದ್ದೂ 1977ರಷ್ಟು ಈಚೆಗೆ ಕೃಷ್ಣಾ ನದಿಯ ಅಳಿವೆಯಲ್ಲಿ ಹತ್ತು ಸಾವಿರ ಜನ ಸಾಯಬೇಕಾಗಿ ಬಂದದ್ದು ಏಕೆಂಬ ಪ್ರಶ್ನೆಗೆ, ಆ ತಿಳಿವಳಿಕೆ ಯಾರ ಸಲುವಾಗಿ ಹುಟ್ಟಿತು ಮತ್ತು ಯಾರ ಬಳಿಗೆ ಹೋಗಿ ನಿಂತಿತು ಎಂಬುದರಲ್ಲಿ ಉತ್ತರವನ್ನು ಹುಡುಕಬೇಕಾಗುತ್ತದೆ.

ಚಂಡಮಾರುತವೆಂದರೆ ಬೆಚ್ಚನೆಯ ಸಮುದ್ರದ ಮೇಲೆ ವಾಯುಭಾರ ತೀವ್ರವಾಗಿ ಕುಸಿದ ಒಂದು ಕೇಂದ್ರದ ಸುತ್ತ ಗಾಳಿ ಸುತ್ತುತ್ತ ಬರುವ ವ್ಯವಸ್ಥೆ. ಭೂಮಧ್ಯರೇಖೆಯ ಉತ್ತರಕ್ಕೆ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿರುತ್ತದೆ. ಕೇಂದ್ರದಲ್ಲಿ ಗಾಳಿಯ ಒತ್ತಡ ಕಡಿಮೆಯಾದಾಗ ಅದರ ಕೆಳಗಿನ ನೀರು ಸ್ವಲ್ಪ ಮೇಲಕ್ಕೇರುತ್ತದೆಯಾದರೂ, ಒಂದು ಮಿಲಿಬಾರ್ ಒತ್ತಡ ಇಳಿದರೆ ನೀರು ಏರುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರವಾದ್ದರಿಂದ, ಎಷ್ಟೇ ಉಗ್ರವಾದ ಚಂಡಮಾರುತದಲ್ಲೂ ಈ ಕಾರಣದಿಂದ ಬರುವ ಏರಿಕೆ ಒಂದು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಉಳಿದ ಎತ್ತರವೆಲ್ಲ ಗಾಳಿಯ ಕೆಲಸ. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ತೀರದ ಕಡೆಗೆ ಬೀಸುವ ಗಾಳಿ ನೀರನ್ನು ಮುಂದಕ್ಕೆ ತಳ್ಳುತ್ತ ಬರುತ್ತದೆ. ಸಮುದ್ರ ಆಳವಾಗಿದ್ದರೆ ಆ ನೀರು ಅಡಿಯಿಂದ ಹಿಂದಕ್ಕೆ ಸರಿದು ಹೋಗಲು ಅವಕಾಶವಿರುತ್ತದೆ, ಆಳವಿಲ್ಲದ ಕಡೆ ಅದಕ್ಕೆ ದಾರಿಯಿಲ್ಲದೆ ತೀರದ ಮೇಲೇ ರಾಶಿ ಬೀಳುತ್ತದೆ. ಗಾಳಿ ಎಡಕ್ಕೆ ಸುತ್ತುವುದರಿಂದ ಪೂರ್ವತೀರಕ್ಕೆ ಬರುವ ಚಂಡಮಾರುತದ ಬಲಮಗ್ಗುಲಲ್ಲಿ, ಎಂದರೆ ಕೇಂದ್ರ ನೆಲವನ್ನು ತಾಕಿದ ಜಾಗದಿಂದ ಉತ್ತರಕ್ಕೋ ಈಶಾನ್ಯಕ್ಕೋ ಇರುವ ತೀರದಲ್ಲಿ, ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಎಡಮಗ್ಗುಲಲ್ಲಿ ನೆಲದಿಂದ ಕಡಲಿಗೆ ಬೀಸುತ್ತದೆ. ಆದುದರಿಂದ ಕೇಂದ್ರ ದಾಟಿದ ಊರಿಗಿಂತ ಅದರ ಬಲಕ್ಕೆ ಹಲವು ಹರದಾರಿ ದೂರದಲ್ಲಿರುವ ಊರಿಗೇ ಹೆಚ್ಚು ಹಾನಿಯಾಗುವುದುಂಟು. ಈ ನೀರು ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದ ಹೊತ್ತಿಗೆ ಬಂದರೆ ಎರಡೂ ಕೂಡಿಕೊಳ್ಳುತ್ತವೆ.

ಬಂಗಾಳ ಕೊಲ್ಲಿಯಲ್ಲಿ ಅರಬ್ಬಿ ಸಮುದ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಚಂಡಮಾರುತಗಳು ಹುಟ್ಟುತ್ತವೆ. ಅವುಗಳಲ್ಲಿ ಉಗ್ರವಾದವು ಬರುವುದು ಮುಂಗಾರಿಗೆ ಮೊದಲಿನ ಮೇ ತಿಂಗಳಿನಲ್ಲಿ ಮತ್ತು ಮುಂಗಾರು ಹಿಂದೆ ಸರಿದ ಮೇಲಿನ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ. ಇವು ತಾಕುವ ತೀರದ ಬಹುಭಾಗ ನದಿಗಳು ಕಟ್ಟಿದ ನೆಲ. ಗೋದಾವರಿ ಮತ್ತು ಕೃಷ್ಣೆಯರ ಮುಖಜಭೂಮಿ, ಅಂದರೆ ನದಿ ತಾನು ಹೊತ್ತುತಂದ ಹೂಳನ್ನು ಸಮುದ್ರದ ಬಾಯಲ್ಲಿ ಇಳಿಸುತ್ತ ಸಾವಿರಾರು ವರ್ಷಗಳಲ್ಲಿ ಉಂಟುಮಾಡಿದ ಬಯಲು, ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರದಲ್ಲಿದೆ. ಈ ಹೂಳಿನ ಒಂದು ಪಾಲು ಕನ್ನಡನಾಡಿನದು: ಭೀಮೆ, ಮಲಪ್ರಭೆ, ಘಟಪ್ರಭೆ, ತುಂಗಭದ್ರೆಯರು ಕೊಚ್ಚಿ ತಂದ ಮಣ್ಣು ಕೃಷ್ಣೆಯನ್ನು ಸೇರಿ, ಹಂಸಲದೀವಿಯ ಬಳಿ ಕಡಲಿಗೆ ಇಳಿದು, ದಿವಿಸೀಮೆ ಎಂಬ ಫಲವತ್ತಾದ ದ್ವೀಪವಾಗಿ ನಿಂತಿದೆ. ಇದೇ ಹೂಳು ತೀರದಾಚೆಯ ಸಮುದ್ರವನ್ನೂ ಆಳವಿಲ್ಲದಂತೆ ಮಾಡಿದೆ. ನೆಲವನ್ನು ಕೊಟ್ಟ ನದಿಯೇ ಕಡಲುಬ್ಬರಕ್ಕೆ ಹಾದಿಯನ್ನೂ ಸಮಮಾಡಿ ಕೊಟ್ಟಿತೆಂಬುದು ಈ ಸೀಮೆಯ ಇತಿಹಾಸವನ್ನು ಓದುವವರು ಮರೆಯಬಾರದ ಸಂಗತಿ.

ಗೋದಾವರಿಯ ಅಳಿವೆಯಲ್ಲಿ, ಇಂದಿನ ಕಾಕಿನಾಡದ ದಕ್ಷಿಣಕ್ಕೆ, ಫ್ರೆಂಚರ ವಸಾಹತಾಗಿದ್ದ ಯಾನಾಮಿನ ಸನಿಹದಲ್ಲಿ ಕೋರಿಂಗ ಎಂಬ ಬಂದರೂರು ಇತ್ತು. ಹಡಗು ಕಟ್ಟುವ, ದುರಸ್ತಿ ಮಾಡುವ ಕಸುಬಿಗೆ ಅದು ಹೆಸರಾಗಿತ್ತು. 1789ರ ಡಿಸೆಂಬರಿನಲ್ಲಿ ಬಂದ ಚಂಡಮಾರುತದಲ್ಲಿ ಒಂದರ ಹಿಂದೊಂದು ಮೂರು ಮಹಾ ಅಲೆಗಳು ಊರನ್ನು ಹೊಕ್ಕವೆಂದೂ, ಮೊದಲನೆಯದು ಬೀದಿಗಳಲ್ಲಿ ಹಲವು ಅಡಿ ನೀರು ನಿಲ್ಲಿಸಿತೆಂದೂ, ಎರಡನೆಯದು ಸುತ್ತಲಿನ ತಗ್ಗುನೆಲವನ್ನೆಲ್ಲ ಮುಳುಗಿಸಿತೆಂದೂ, ಮೂರನೆಯದರ ಮುಂದೆ ಏನೂ ಉಳಿಯಲಿಲ್ಲವೆಂದೂ ವರದಿಗಳು ಹೇಳುತ್ತವೆ. ಸತ್ತವರು ಸುಮಾರು ಇಪ್ಪತ್ತು ಸಾವಿರ. ಊರು ಮತ್ತೆ ಎದ್ದಿತು. 1839ರ ನವೆಂಬರ್ 25ರಂದು ಮತ್ತೊಂದು ಕಡಲುಬ್ಬರ ಬಂದು ಅದನ್ನು ಮುಗಿಸಿತು. ಇಂದು ಕೋರಿಂಗ ಎಂದರೆ ಹೊರಗಿನವರಿಗೆ ನೆನಪಾಗುವುದು ಕಾಂಡ್ಲಾ ಕಾಡಿನ ವನ್ಯಜೀವಿಧಾಮ. ಹಡಗುಕಟ್ಟೆಗಳ ಊರು ನೆನಪಿನಿಂದ ಬಹುಮಟ್ಟಿಗೆ ಜಾರಿಹೋಗಿದೆ.

1839ರ ಈ ದುರಂತದಲ್ಲಿ ಮೂರು ಲಕ್ಷ ಜನ ಸತ್ತರೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿದೆ. 1737ರ ಅಕ್ಟೋಬರಿನಲ್ಲಿ ಹೂಗ್ಲಿ ನದಿಯ ಮುಖದಲ್ಲಿ ಬಂದ ಚಂಡಮಾರುತಕ್ಕೂ ಅದೇ ಮೂರು ಲಕ್ಷದ ಲೆಕ್ಕ ಅಂಟಿಕೊಂಡಿದೆ. ಆದರೆ ಆಗಿನ ಕಲ್ಕತ್ತೆಯ ಒಟ್ಟು ಜನಸಂಖ್ಯೆಯೇ ಅದರ ಒಂದು ಸಣ್ಣ ಪಾಲಾಗಿತ್ತು, ಮತ್ತು ಈಸ್ಟ್ ಇಂಡಿಯಾ ಕಂಪನಿಯ ಸ್ಥಳೀಯ ಕಾಗದಪತ್ರಗಳು ನಗರದಲ್ಲಿ ಸತ್ತವರನ್ನು ಸುಮಾರು ಮೂರು ಸಾವಿರವೆಂದು ಎಣಿಸುತ್ತವೆ. ಯುರೋಪಿನ ಪತ್ರಿಕೆಗಳಲ್ಲಿ ಬೆಳೆದ ಸಂಖ್ಯೆಗಳನ್ನು ನಂತರದವರು ಪರೀಕ್ಷಿಸದೆ ಎತ್ತಿಕೊಂಡುದರ ಫಲವಿದು. ಇಂಥ ಸಂಖ್ಯೆಗಳನ್ನು ಇತಿಹಾಸಕಾರರು ಕೈಬಿಡಬೇಕೆನ್ನುವುದಕ್ಕೆ ನಿಖರತೆಯೊಂದೇ ಕಾರಣವಲ್ಲ. ಹಡಗುಗಳು ಎಷ್ಟು ಒಡೆದವೆಂಬುದನ್ನು ಹೆಸರು ಸಹಿತ ಬರೆದಿಟ್ಟ ಆಡಳಿತ, ಸತ್ತ ಬೆಸ್ತರನ್ನೂ ಉಪ್ಪಿನ ಆಗರದ ಕೂಲಿಗಳನ್ನೂ ಎಣಿಸುವ ಗೋಜಿಗೆ ಹೋಗಿರಲಿಲ್ಲ. ಗುಂಡಗೆ ಕಾಣುವ ಆ ಮೂರು ಲಕ್ಷ ಆ ಖಾಲಿ ಜಾಗವನ್ನು ಮುಚ್ಚಿಬಿಡುತ್ತದೆ.

ಕೋರಿಂಗದ 1789ರ ಚಂಡಮಾರುತದ ವಿವರ ಇಂದಿಗೂ ಓದಲು ಸಿಗುವುದಕ್ಕೆ ಮುಖ್ಯ ಕಾರಣ ಹೆನ್ರಿ ಪಿಡಿಂಗ್ಟನ್. ವ್ಯಾಪಾರಿ ಹಡಗುಗಳಲ್ಲಿ ದುಡಿದು, ಅನಂತರ ಕಲ್ಕತ್ತೆಯಲ್ಲಿ ನೆಲೆಸಿ, ಹಡಗುಗಳ ಅಪಘಾತವನ್ನು ವಿಚಾರಿಸುವ ನ್ಯಾಯಮಂಡಲಿಯ ಅಧ್ಯಕ್ಷನಾಗಿದ್ದ ಈತ, 1839ರಿಂದ ಮುಂದೆ ಹದಿನೈದು ವರ್ಷಗಳಿಗೂ ಮೀರಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂಗಾಳ ಕೊಲ್ಲಿಯ ಬಿರುಗಾಳಿಗಳ ಕುರಿತು ಲೇಖನಮಾಲೆಯನ್ನೇ ಪ್ರಕಟಿಸಿದ. ಹಡಗಿನ ದಿನಚರಿ ಪುಸ್ತಕಗಳನ್ನು ತರಿಸಿಕೊಂಡು, ಒಂದೇ ಗಂಟೆಯಲ್ಲಿ ಬೇರೆ ಬೇರೆ ಹಡಗುಗಳಿಗೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತೆಂಬುದನ್ನು ನಕ್ಷೆಯ ಮೇಲೆ ಗುರುತಿಸಿ, ಗಾಳಿ ಸುತ್ತುತ್ತಿದೆಯೆಂಬುದನ್ನೂ ಆ ಸುತ್ತಿನ ಕೇಂದ್ರ ಸಾಗಿದ ದಾರಿಯನ್ನೂ ತೋರಿಸುವುದು ಅವನ ವಿಧಾನವಾಗಿತ್ತು. ಸುತ್ತು ಎಂಬ ಅರ್ಥದ ಗ್ರೀಕ್ ಮಾತಿನಿಂದ ಸೈಕ್ಲೋನ್ ಎಂಬ ಹೆಸರನ್ನು ಕಟ್ಟಿ ಬಳಕೆಗೆ ತಂದವನೂ ಅವನೇ. 1848ರಲ್ಲಿ ಹೊರಬಂದ ಅವನ ಕೈಪಿಡಿಯ ಜೊತೆಗೆ ಕೊಂಬಿನಿಂದ ತೆಳ್ಳಗೆ ಮಾಡಿದ ಎರಡು ಪಾರದರ್ಶಕ ಹಾಳೆಗಳಿದ್ದವು, ಭೂಮಧ್ಯರೇಖೆಯ ಉತ್ತರದ ಕಡಲಿಗೊಂದು, ದಕ್ಷಿಣದ ಕಡಲಿಗೊಂದು. ಹಾಳೆಯ ಮೇಲೆ ಒಂದರೊಳಗೊಂದು ವೃತ್ತಗಳನ್ನೂ ಗಾಳಿಯ ಬಾಣಗಳನ್ನೂ ಕೊರೆಯಲಾಗಿತ್ತು. ನಾವಿಕನು ಅದನ್ನು ತನ್ನ ನಕ್ಷೆಯ ಮೇಲಿಟ್ಟು, ತನಗೆ ಬೀಸುತ್ತಿರುವ ಗಾಳಿಗೆ ಹೊಂದುವ ಬಾಣವನ್ನು ಹಡಗಿರುವ ಜಾಗಕ್ಕೆ ತಂದರೆ, ಬಿರುಗಾಳಿಯ ಕೇಂದ್ರ ಯಾವ ದಿಕ್ಕಿಗಿದೆಯೆಂಬುದು ಕಣ್ಣಿಗೆ ಕಾಣುತ್ತಿತ್ತು. ಅದರಿಂದ ದೂರಕ್ಕೆ ಹಾಯಿ ತಿರುಗಿಸುವುದು ಅವನ ಮುಂದಿನ ಕೆಲಸ.

ಈ ಕೈಪಿಡಿ ಎಷ್ಟು ಜನ ನಾವಿಕರ ಪ್ರಾಣ ಉಳಿಸಿತೆಂದು ಹೇಳಲಾಗದಾದರೂ, ಅದು ಬರೆದದ್ದು ಚಲಿಸಬಲ್ಲವರಿಗಾಗಿ ಎಂಬುದನ್ನು ಗಮನಿಸಬೇಕು. ಹಡಗಿಗೆ ಕೇಂದ್ರವನ್ನು ತಪ್ಪಿಸಿ ಹೋಗುವ ದಾರಿಯಿರುತ್ತದೆ, ಊರಿಗೆ ಇರುವುದಿಲ್ಲ. ಪಿಡಿಂಗ್ಟನ್ ಊರುಗಳನ್ನು ಮರೆತಿರಲಿಲ್ಲ. ಕಲ್ಕತ್ತೆಗೆ ಪರ್ಯಾಯವಾಗಿ ಸುಂದರಬನದ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟುವ ಆಲೋಚನೆ ನಡೆದಾಗ, ಅಲ್ಲಿ ಎಂದಾದರೊಂದು ದಿನ ಕಡಲುಬ್ಬರ ನುಗ್ಗುವುದು ಖಚಿತವೆಂದು ಗವರ್ನರ್ ಜನರಲ್ ಡಾಲ್‌ಹೌಸಿಗೆ 1853ರಲ್ಲಿ ಬಹಿರಂಗ ಪತ್ರವನ್ನೇ ಅಚ್ಚು ಹಾಕಿಸಿದ. ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಪೋರ್ಟ್ ಕ್ಯಾನಿಂಗ್ ಎದ್ದು ನಿಂತಿತು, ರೈಲು ಬಂದಿತು. 1867ರ ನವೆಂಬರಿನ ಚಂಡಮಾರುತದಲ್ಲಿ ಕಡಲು ಊರನ್ನು ಹೊಕ್ಕಿತು, ಕೆಲವೇ ವರ್ಷಗಳಲ್ಲಿ ಬಂದರನ್ನು ಕೈಬಿಡಲಾಯಿತು. ತನ್ನ ಮಾತು ನಿಜವಾದುದನ್ನು ನೋಡಲು ಪಿಡಿಂಗ್ಟನ್ ಇರಲಿಲ್ಲ. ಅವನು 1858ರಲ್ಲೇ ತೀರಿಕೊಂಡಿದ್ದ.

1864 ಈ ಚರಿತ್ರೆಯ ತಿರುವಿನ ವರ್ಷ. ಅಕ್ಟೋಬರ್ 5ರಂದು ಹೂಗ್ಲಿಯ ಮೇಲೆ ಬಂದ ಚಂಡಮಾರುತದಲ್ಲಿ ಕಡಲುಬ್ಬರ ನದಿಯೊಳಗೆ ಏರಿ ಬಂದು, ಕಲ್ಕತ್ತೆಯ ಬಂದರಿನಲ್ಲಿ ಲಂಗರು ಹಾಕಿದ್ದ ನೂರಾರು ಹಡಗುಗಳನ್ನು ಕಿತ್ತು ಒಂದರ ಮೇಲೊಂದು ಎಸೆಯಿತು. ನದಿಯ ಇಕ್ಕೆಲದ ತಗ್ಗುಹಳ್ಳಿಗಳಲ್ಲಿ ಸುಮಾರು ಐವತ್ತು ಸಾವಿರ ಜನ ಸತ್ತರು. ಇನ್ನೂ ತಿಂಗಳು ಕಳೆಯುವ ಮೊದಲು, ನವೆಂಬರ್ 1ರ ರಾತ್ರಿ, ಕೃಷ್ಣಾ ಮುಖಜಭೂಮಿಯ ಮಚಲಿಪಟ್ಟಣದ ಸರದಿ ಬಂದಿತು.

ಮಚಲಿಪಟ್ಟಣ ಆಗ ಇಳಿಮುಖದಲ್ಲಿದ್ದ ಹಳೆಯ ಬಂದರು. ಗೋಲ್ಕೊಂಡದ ಸುಲ್ತಾನರ ಕಾಲದಲ್ಲಿ ದಖ್ಖನಿನ ಬಾಗಿಲೆನಿಸಿದ್ದ ಈ ಊರಿನಲ್ಲಿ ಇಂಗ್ಲಿಷರು 1611ರಲ್ಲಿ ಕೋಠಿ ತೆರೆದಿದ್ದರು. ಡಚ್ಚರೂ ಫ್ರೆಂಚರೂ ಇದ್ದರು. ಇಲ್ಲಿನ ಕಲಂಕಾರಿ ಬಟ್ಟೆ ಪರ್ಷಿಯಾಕ್ಕೂ ಯುರೋಪಿಗೂ ಹೋಗುತ್ತಿತ್ತು. ಹೂಳು ತುಂಬಿ ಸಮುದ್ರ ಎಷ್ಟು ಆಳಗೆಟ್ಟಿತ್ತೆಂದರೆ, ದೊಡ್ಡ ಹಡಗುಗಳು ದಡದಿಂದ ಐದು ಮೈಲಿಯಷ್ಟು ದೂರದಲ್ಲೇ ಲಂಗರು ಹಾಕಬೇಕಾಗಿದ್ದು, ಸರಕು ದೋಣಿಗಳಲ್ಲಿ ಬಂದುಹೋಗುತ್ತಿತ್ತು. ಕೋಟೆ ಸಮುದ್ರದ ಬದಿಯ ಜೌಗಿನಲ್ಲಿದ್ದು, ಊರು ಸ್ವಲ್ಪ ಒಳಗಿದ್ದು, ನಡುವೆ ಏರಿಯ ಮೇಲಿನ ರಸ್ತೆಯಿತ್ತು. ಹಡಗನ್ನು ದೂರವಿರಿಸಿದ ಆ ಆಳಗೆಟ್ಟ ಸಮುದ್ರವೇ ಅಂದಿನ ರಾತ್ರಿ ಗಾಳಿ ತಳ್ಳಿದ ನೀರಿಗೆ ಹಿಂದೆ ಸರಿಯುವ ದಾರಿ ಕೊಡದೆ, ಸಾಧಾರಣ ಉಬ್ಬರದ ಮಟ್ಟಕ್ಕಿಂತ ಹದಿಮೂರು ಅಡಿಗಳಷ್ಟು ಎತ್ತರಕ್ಕೆ ಅದನ್ನು ನಿಲ್ಲಿಸಿತು. ನೀರು ಊರನ್ನೆಲ್ಲ ಮುಳುಗಿಸಿ, ಕೆಲವೆಡೆ ಹದಿನೇಳು ಮೈಲಿಯವರೆಗೂ ಒಳನಾಡಿಗೆ ನುಗ್ಗಿತೆಂದು ಆ ಕಾಲದ ವರದಿಗಳು ತಿಳಿಸುತ್ತವೆ. ಕತ್ತಲೆಯಲ್ಲಿ, ಮಳೆಯಲ್ಲಿ, ಗಾಳಿಗೆ ಬಾಗಿಲು ಹಾಕಿಕೊಂಡು ಕುಳಿತಿದ್ದ ಜನರಿಗೆ ಸಮುದ್ರ ಬರುತ್ತಿದೆಯೆಂಬುದು ಹೊಸ್ತಿಲು ತೋಯುವವರೆಗೆ ಗೊತ್ತಾಗುವಂತಿರಲಿಲ್ಲ. ಸತ್ತವರ ಸಂಖ್ಯೆಯನ್ನು ಸುಮಾರು ಮೂವತ್ತು ಸಾವಿರವೆಂದು ಅಂದಾಜು ಮಾಡಲಾಯಿತು.

ಕಡಲುಬ್ಬರದ ಹಾನಿ ನೀರು ಇಳಿದ ದಿನಕ್ಕೆ ಮುಗಿಯುವುದಿಲ್ಲ. ಬಾವಿ, ಕೆರೆ, ಕುಂಟೆಗಳಲ್ಲಿ ಉಪ್ಪುನೀರು ನಿಲ್ಲುತ್ತದೆ. ಹೆಣಗಳೂ ದನಗಳ ಕಳೇಬರಗಳೂ ಅದೇ ನೀರಿನಲ್ಲಿ ಕೊಳೆಯುತ್ತವೆ. ಕುಡಿಯುವ ನೀರಿಲ್ಲದೆ ಜನ ಅದನ್ನೇ ಕುಡಿದಾಗ ವಾಂತಿಭೇದಿ ಹಬ್ಬುತ್ತದೆ. ಗದ್ದೆಗೆ ಇಳಿದ ಉಪ್ಪು ಒಂದೆರಡು ಮಳೆಗಾಲ ಬಂದು ತೊಳೆಯುವವರೆಗೆ ಪೈರು ಏಳುವುದಿಲ್ಲ. ಇಂದಿನ ಬಾಂಗ್ಲಾದೇಶದಲ್ಲಿರುವ ಬಾಕರ್‌ಗಂಜ್ ಸೀಮೆಯಲ್ಲಿ 1876ರ ಅಕ್ಟೋಬರ್ 31ರ ರಾತ್ರಿ ಬಂದ ಕಡಲುಬ್ಬರದಲ್ಲಿ ಸುಮಾರು ಒಂದು ಲಕ್ಷ ಜನ ಮುಳುಗಿ ಸತ್ತರೆ, ಅದರ ಬೆನ್ನಿಗೇ ಬಂದ ಕಾಲರಾದಲ್ಲಿ ಹೆಚ್ಚುಕಡಿಮೆ ಅಷ್ಟೇ ಜನ ಸತ್ತರೆಂಬುದು, ಈ ಎರಡನೆಯ ಸಾವನ್ನು ಮೊದಲನೆಯದರಿಂದ ಬೇರ್ಪಡಿಸಿ ನೋಡಲಾಗದೆಂಬುದನ್ನು ಅತ್ಯಂತ ಘೋರವಾಗಿ ತೋರಿಸಿತು.

1864ರ ಜೋಡಿ ದುರಂತಗಳ ನಂತರ ಬಂಗಾಳದ ಸರ್ಕಾರ ಸಮಿತಿಯೊಂದನ್ನು ನೇಮಿಸಿ, 1865ರಲ್ಲಿ ಕಲ್ಕತ್ತೆಯ ಬಂದರಿಗೆ ಬಿರುಗಾಳಿಯ ಮುನ್ನೆಚ್ಚರಿಕೆ ಕೊಡುವ ಏರ್ಪಾಡನ್ನು ಆರಂಭಿಸಿತು. ಕೊಲ್ಲಿಯ ಸುತ್ತಲಿನ ಕೇಂದ್ರಗಳಿಂದ ವಾಯುಭಾರದ ಮತ್ತು ಗಾಳಿಯ ವಿವರಗಳನ್ನು ತಂತಿಯ ಮೂಲಕ ತರಿಸಿಕೊಂಡು, ಅಪಾಯ ಕಂಡರೆ ಬಂದರಿನಲ್ಲಿ ಸಂಕೇತ ಏರಿಸುವುದು ಅದರ ಸ್ವರೂಪ. 1864ರ ಕಲ್ಕತ್ತೆಯ ಚಂಡಮಾರುತದ ಬಗ್ಗೆ ವಿಸ್ತಾರವಾದ ವರದಿ ಬರೆದವರಲ್ಲಿ ಒಬ್ಬನಾದ ಭೂವಿಜ್ಞಾನಿ ಹೆನ್ರಿ ಬ್ಲ್ಯಾನ್‌ಫೋರ್ಡ್ 1867ರಲ್ಲಿ ಬಂಗಾಳದ ಹವಾಮಾನ ವರದಿಗಾರನಾದ. 1875ರಲ್ಲಿ ಇಡೀ ದೇಶಕ್ಕೆ ಹವಾಮಾನ ಇಲಾಖೆ ಸ್ಥಾಪನೆಯಾದಾಗ ಅದರ ಮುಖ್ಯಸ್ಥನೂ ಅವನೇ ಆದ. ಭಾರತೀಯ ಹವಾಮಾನ ಇಲಾಖೆಯ ಹುಟ್ಟಿಗೆ 1866 ಮತ್ತು 1871ರ ಮಳೆಯ ವೈಫಲ್ಯಗಳಷ್ಟೇ 1864ರ ಕಡಲುಬ್ಬರವೂ ಕಾರಣ. ಬಾಕರ್‌ಗಂಜ್ ದುರಂತವನ್ನು ಕೂಲಂಕಷವಾಗಿ ಪರಿಶೀಲಿಸಿದ ಜಾನ್ ಎಲಿಯಟ್ ಮುಂದೆ ಇಲಾಖೆಯ ಮುಖ್ಯಸ್ಥನಾಗಿ, ಬಂಗಾಳ ಕೊಲ್ಲಿಯ ಚಂಡಮಾರುತಗಳ ಮೇಲೆ ಬಹುಕಾಲ ಪ್ರಮಾಣವೆನಿಸಿದ ಕೈಪಿಡಿಯನ್ನು 1890ರಲ್ಲಿ ಹೊರತಂದ. ನಾವಿಕರ ಉಪಯೋಗಕ್ಕೆ ಎಂದು ಅದರ ಶೀರ್ಷಿಕೆಯಲ್ಲೇ ಇದೆ. ಲಕ್ಷ ಜನ ಹಳ್ಳಿಗರ ಸಾವನ್ನು ಅಷ್ಟು ಹತ್ತಿರದಿಂದ ಅಭ್ಯಾಸ ಮಾಡಿದವನ ಪುಸ್ತಕವೂ ಕೊನೆಗೆ ಹಡಗಿನವರ ಕೈಗೇ ಸೇರಿತು.

ಇದರಲ್ಲಿ ಯಾವನೋ ಒಬ್ಬ ವಿಜ್ಞಾನಿಯ ಹೃದಯಹೀನತೆಯನ್ನು ಕಾಣುವುದು ಅನ್ಯಾಯವಾದೀತು. ಏರ್ಪಾಡಿನ ಹಣ ಬರುತ್ತಿದ್ದದ್ದು ಬಂದರು ಮತ್ತು ವ್ಯಾಪಾರದ ಹಿತದಿಂದ, ತಂತಿ ಹೋಗುತ್ತಿದ್ದದ್ದು ಬಂದರಿನ ಕಚೇರಿಗೆ. ತಂತಿ ತಲುಪಿದ ಮೇಲೆ ಆಗುತ್ತಿದ್ದದ್ದು ಒಂದು ಕಂಬದ ಮೇಲೆ ಗುರುತು ಏರಿಸುವ ಕೆಲಸ. 1898ರ ಏಪ್ರಿಲ್ 1ರಿಂದ ಎಲ್ಲ ಬಂದರುಗಳಿಗೂ ಏಕರೂಪದ ಸಂಕೇತಗಳು ಜಾರಿಗೆ ಬಂದವು: ಹಗಲಿನಲ್ಲಿ ಕಪ್ಪು ಶಂಕುಗಳು ಮತ್ತು ಪೀಪಾಯಿಯ ಆಕಾರಗಳು, ರಾತ್ರಿಯಲ್ಲಿ ಕೆಂಪು ಮತ್ತು ಬಿಳಿ ದೀಪಗಳು. ಮೇಲ್ಮುಖ ಶಂಕು, ಕೆಳಮುಖ ಶಂಕು, ಪೀಪಾಯಿಯ ಮೇಲೋ ಕೆಳಗೋ ಶಂಕು, ಹೀಗೆ ಜೋಡಣೆ ಬದಲಾದಂತೆ ಅರ್ಥವೂ ಬದಲಾಗುತ್ತದೆ. ಒಂದರಿಂದ ಹನ್ನೊಂದರವರೆಗಿನ ಸಂಖ್ಯೆಗಳಲ್ಲಿ ಮೊದಲಿನವು ದೂರದ ಸಮುದ್ರದಲ್ಲಿ ಬಿರುಗಾಳಿಯಿದೆಯೆಂದು ಹೇಳಿದರೆ, ಎಂಟು, ಒಂಬತ್ತು, ಹತ್ತು ಮಹಾ ಅಪಾಯವನ್ನು ಸೂಚಿಸುತ್ತವೆ, ಮತ್ತು ಹನ್ನೊಂದನೆಯದು ಹವಾಮಾನ ಕೇಂದ್ರದ ಜೊತೆಗಿನ ಸಂಪರ್ಕವೇ ಕಡಿದುಹೋಗಿದೆಯೆಂದು ತಿಳಿಸುತ್ತದೆ. ಪತ್ರಿಕೆಗಳಲ್ಲಿ ಇಂದಿಗೂ ಬರುವ ಬಂದರಿನಲ್ಲಿ ಮೂರನೇ ಸಂಖ್ಯೆಯ ಎಚ್ಚರಿಕೆ ಎಂಬ ಮಾತಿನ ಮೂಲ ಇದು. ಈ ಗುರುತುಗಳನ್ನು ಓದಬಲ್ಲವನು ಹಡಗಿನ ಮಾಲೀಮ. ಕಂಬ ಕಣ್ಣಿಗೆ ಕಾಣುವಷ್ಟು ದೂರದಲ್ಲಿರುವವನಿಗೆ ಮಾತ್ರ ಅದರಿಂದ ಉಪಯೋಗ. ಬಂದರಿನಿಂದ ಹತ್ತು ಮೈಲಿ ಆಚೆ ತಾಳೆಗರಿಯ ಗುಡಿಸಲಿನಲ್ಲಿದ್ದವನಿಗೆ ಆ ಶಂಕುವೂ ಇಲ್ಲ, ದೀಪವೂ ಇಲ್ಲ.

ಕನ್ನಡ ಕರಾವಳಿಗೂ ಇದೇ ವ್ಯವಸ್ಥೆ ಬೇಗನೆ ಬಂದಿತು. 1880ರಲ್ಲಿ ಪಶ್ಚಿಮ ತೀರದ ಬಂದರುಗಳಿಗೆ ಮುನ್ನೆಚ್ಚರಿಕೆ ಆರಂಭವಾದಾಗ ಮುಂಬಯಿ, ಕರಾಚಿ, ರತ್ನಾಗಿರಿ, ವೆಂಗುರ್ಲೆಗಳ ಜೊತೆಗೆ ಕಾರವಾರ ಮತ್ತು ಕುಮಟಾ ಪಟ್ಟಿಯಲ್ಲಿದ್ದವು. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಬಂದು ಕುಮಟಾದಲ್ಲಿ ಹಡಗೇರುತ್ತಿತ್ತು. ಚಿಕ್ಕ ಬಂದರಾದ ಕುಮಟಾ ಆ ಪಟ್ಟಿಯೊಳಗೆ ಬಂದದ್ದು ಈ ಹತ್ತಿಯ ಬಲದಿಂದಲೇ ಇರಬೇಕು. 1886ರ ಹೊತ್ತಿಗೆ ದೇಶದ ಎಲ್ಲ ಬಂದರುಗಳೂ ವ್ಯವಸ್ಥೆಯೊಳಗೆ ಬಂದವು. ಕನ್ನಡ ಕರಾವಳಿಯಲ್ಲಿ ಘಟ್ಟ ಸಮೀಪದಲ್ಲಿದ್ದು ನೆಲ ಬೇಗನೆ ಏರುವುದರಿಂದ, ಮತ್ತು ಅರಬ್ಬಿ ಸಮುದ್ರದ ಚಂಡಮಾರುತಗಳು ಬಹುತೇಕ ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೋ ವಾಯವ್ಯಕ್ಕೋ ಸಾಗುವುದರಿಂದ, ಮಚಲಿಪಟ್ಟಣದಂಥ ಕಡಲುಬ್ಬರ ಇಲ್ಲಿ ಬಂದಿಲ್ಲ; ಇಲ್ಲಿನ ಹಾನಿ ಮುಖ್ಯವಾಗಿ ಕಡಲ್ಕೊರೆತದ್ದು. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತ ಗುಜರಾತಿನಲ್ಲಿ ನೆಲ ತಾಕಿದರೂ, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ಕಡಲದಂಡೆಯ ಮನೆಗಳನ್ನೂ ರಸ್ತೆಗಳನ್ನೂ ಹಾದುಹೋಗುತ್ತಲೇ ಕೊರೆದದ್ದು ಇದಕ್ಕೆ ಉದಾಹರಣೆ.

ಪೂರ್ವತೀರದಲ್ಲಿ ಈ ನಡುವೆ ಇನ್ನೊಂದು ಬದಲಾವಣೆ ನಡೆದಿತ್ತು. ಆರ್ಥರ್ ಕಾಟನ್ನನ ಮುಂದಾಳತ್ವದಲ್ಲಿ ಗೋದಾವರಿಗೆ ಧವಳೇಶ್ವರದಲ್ಲಿ 1852ರ ಹೊತ್ತಿಗೂ, ಅದರ ಬೆನ್ನಿಗೇ ಕೃಷ್ಣೆಗೆ ಬೆಜವಾಡದಲ್ಲಿ 1855ರ ಹೊತ್ತಿಗೂ ಅಡ್ಡಕಟ್ಟೆಗಳು ಮುಗಿದು, ಕಾಲುವೆಗಳು ಮುಖಜಭೂಮಿಯ ತುದಿಯವರೆಗೆ ನೀರು ಒಯ್ದವು. ಬರಗಾಲಕ್ಕೆ ಸಿಕ್ಕಿ ನರಳುತ್ತಿದ್ದ ಸೀಮೆ ಭತ್ತದ ಕಣಜವಾಯಿತು. ಕಾಟನ್ನನ ಹೆಸರನ್ನು ಆ ರೈತರು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ, ಆ ಭಕ್ತಿ ಸಲ್ಲುವಂಥದ್ದೇ. ಆದರೆ ನೀರು ಬಂದಲ್ಲಿಗೆ ಜನ ಬಂದರು. ಎತ್ತರದ ನೆಲ ಭೂಮಾಲೀಕರಿಗೆ, ಕಾಲುವೆಯ ಕೊನೆಯ ತಗ್ಗುನೆಲ, ಉಪ್ಪಿನ ಆಗರದ ಬದಿ, ಅಳಿವೆಯ ತಿಟ್ಟುಗಳು ಬಡವರಿಗೆ ಎಂಬ ಹಂಚಿಕೆ ನಿಧಾನವಾಗಿ ನೆಲೆಗೊಂಡಿತು. ಮುಖಜಭೂಮಿಯ ಭತ್ತದ ಕೊಯ್ಲು ಬರುವುದು ನವೆಂಬರ್ ಹೊತ್ತಿಗೆ. ಅಂದರೆ ಚಂಡಮಾರುತದ ಕಾಲದಲ್ಲೇ ಹೊರಗಿನ ಕೂಲಿಗಳು ಗುಂಪುಗುಂಪಾಗಿ ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು.

ಸ್ವಾತಂತ್ರ್ಯಾನಂತರ ರೇಡಿಯೋ ಬಂದು ಎಚ್ಚರಿಕೆ ಕಂಬದಿಂದ ಕೆಳಗಿಳಿಯಿತಾದರೂ, ಕೇಳುವ ಪೆಟ್ಟಿಗೆ ಎಲ್ಲರ ಮನೆಯಲ್ಲಿರಲಿಲ್ಲ. 1964ರ ಡಿಸೆಂಬರಿನಲ್ಲಿ ಧನುಷ್ಕೋಟಿ ಊರೇ ಅಳಿಸಿಹೋಗಿ, ಅಲ್ಲಿಗೆ ಬರುತ್ತಿದ್ದ ರೈಲು ಪ್ರಯಾಣಿಕರ ಸಮೇತ ಸಮುದ್ರದ ಪಾಲಾಯಿತು. 1969ರಲ್ಲಿ ಆಂಧ್ರಕ್ಕೆ ಚಂಡಮಾರುತಗಳು ಮಾಡಿದ ಹಾನಿಯ ನಂತರ, ಹವಾಮಾನ ಇಲಾಖೆಯ ಮುಖ್ಯಸ್ಥ ಪಿ. ಕೋಟೇಶ್ವರಂ ಅವರ ನೇತೃತ್ವದಲ್ಲಿ ಸಮಿತಿಯೊಂದು ಕೂತು ಪರಿಹಾರೋಪಾಯಗಳನ್ನು ಸೂಚಿಸಿತು. ಚಂಡಮಾರುತವನ್ನು ಪತ್ತೆಹಚ್ಚುವ ದೇಶದ ಮೊದಲ ರಾಡಾರ್ 1970ರಲ್ಲಿ ವಿಶಾಖಪಟ್ಟಣದಲ್ಲಿ ಕೆಲಸ ಆರಂಭಿಸಿತು. ಅದೇ ವರ್ಷದ ನವೆಂಬರ್ 12ರಂದು ಪೂರ್ವ ಪಾಕಿಸ್ತಾನದ ಭೋಲಾ ದ್ವೀಪದ ಸುತ್ತ ಬಂದ ಕಡಲುಬ್ಬರ ಕಡಿಮೆಯೆಂದರೂ ಮೂರು ಲಕ್ಷ ಜನರನ್ನು ಕೊಂದಿತು, ಮತ್ತು ಇಲ್ಲಿ ಮೂರು ಲಕ್ಷವೆಂಬುದು ಉತ್ಪ್ರೇಕ್ಷೆಯಾಗಿರಲಿಲ್ಲ.

1977ರ ನವೆಂಬರಿನಲ್ಲಿ ಒಂದು ವಾರದ ಅಂತರದಲ್ಲಿ ಎರಡು ಚಂಡಮಾರುತಗಳು ಪೂರ್ವತೀರವನ್ನು ತಾಕಿದವು. ಮೊದಲನೆಯದು 12ರಂದು ತಮಿಳುನಾಡಿನ ನಾಗಪಟ್ಟಣದ ಬಳಿ ದಾಟಿತು. ಎರಡನೆಯದು ಪಶ್ಚಿಮಕ್ಕೆ ಮುಖಮಾಡಿ ಬರುತ್ತಿದ್ದು, ಕೊನೆಯ ಘಟ್ಟದಲ್ಲಿ ಉತ್ತರದ ಕಡೆಗೆ ತಿರುಗಿ, 19ರ ಶನಿವಾರ ಸಂಜೆಯ ಹೊತ್ತಿಗೆ ಚೀರಾಲದ ಹತ್ತಿರ ನೆಲವನ್ನೇರಿತು. ಚೀರಾಲದಿಂದ ಈಶಾನ್ಯಕ್ಕೆ, ಚಂಡಮಾರುತದ ಬಲಮಗ್ಗುಲಿಗೆ ಸರಿಯಾಗಿ, ದಿವಿಸೀಮೆ ಇತ್ತು. ಸುಮಾರು ಐದು ಮೀಟರ್ ಎತ್ತರದ ನೀರು ಹನ್ನೆರಡು ಕಿಲೋಮೀಟರಿಗೂ ಹೆಚ್ಚು ಒಳಗೆ ನುಗ್ಗಿ, ಹಂಸಲದೀವಿ, ಸೊರ್ಲಗೊಂದಿ ಮೊದಲಾದ ಹಳ್ಳಿಗಳನ್ನು ಗುಡಿಸಿಹಾಕಿತು. ಸರ್ಕಾರದ ಲೆಕ್ಕದಂತೆ ಸುಮಾರು ಹತ್ತು ಸಾವಿರ ಜನ ಸತ್ತರು. ಹದಿನಾಲ್ಕು ಸಾವಿರ ದಾಟುತ್ತದೆನ್ನುವ ಎಣಿಕೆಗಳೂ ಇವೆ. ಲಕ್ಷಾಂತರ ದನಕರುಗಳು ಸತ್ತವು, ಕೊಯ್ಲಿಗೆ ಬಂದ ಭತ್ತ ಉಪ್ಪುನೀರಿನಲ್ಲಿ ಕೊಳೆಯಿತು. ಎರಡು ಎಣಿಕೆಗಳ ನಡುವಿನ ಈ ಸಾವಿರಾರು ಜನರ ಅಂತರದ ಹಿಂದೆ ಕೊಯ್ಲಿನ ಕೂಲಿಗಳಿದ್ದಾರೆ: ಅವರ ಹೆಸರು ಆ ಊರಿನ ಯಾವ ಪಟ್ಟಿಯಲ್ಲೂ ಇರಲಿಲ್ಲ, ಅವರನ್ನು ಗುರುತಿಸಬೇಕಾದವರೂ ಅವರ ಜೊತೆಯಲ್ಲೇ ಸತ್ತಿದ್ದರು.

ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿರಲಿಲ್ಲವೆಂದು ಹೇಳುವಂತಿಲ್ಲ. ರಾಡಾರಿತ್ತು, ಉಪಗ್ರಹದ ಚಿತ್ರಗಳಿದ್ದವು, ಆಕಾಶವಾಣಿಯಲ್ಲಿ ಸುದ್ದಿ ಬಂದಿತ್ತು. ಆದರೆ ಸುದ್ದಿಯಲ್ಲಿ ಮುಖ್ಯವಾಗಿ ಇದ್ದದ್ದು ಗಾಳಿ. ಗಾಳಿಯನ್ನು ಆ ಜನ ಪ್ರತಿವರ್ಷ ನೋಡಿದ್ದರು. ಮನೆಯೊಳಗೆ ಕೂತರೆ ಗಾಳಿಯಿಂದ ತಪ್ಪಿಸಿಕೊಳ್ಳಬಹುದೆಂಬುದು ಅವರ ಅನುಭವ. ಹದಿನೈದು ಅಡಿ ನೀರು ಬರುತ್ತದೆ, ಮನೆಯಲ್ಲಿರಬೇಡಿ ಎಂದು ಅವರ ಭಾಷೆಯಲ್ಲಿ, ಅವರ ಬಾಗಿಲಿಗೆ ಬಂದು ಹೇಳುವವರಿರಲಿಲ್ಲ. ಹೇಳಿದ್ದರೂ ಆ ಸಪಾಟು ಬಯಲಿನಲ್ಲಿ ಏರಿ ನಿಲ್ಲುವುದಕ್ಕೆ ದೇವಸ್ಥಾನದ ಮಾಳಿಗೆಯನ್ನೋ ಸಾಹುಕಾರನ ಗಾರೆಮನೆಯನ್ನೋ ಬಿಟ್ಟರೆ ಬೇರೆ ಎತ್ತರವಿರಲಿಲ್ಲ. ಬದುಕಿದವರಲ್ಲಿ ಬಹಳ ಜನ ತಾಳೆಮರಗಳಿಗೂ ಮುಳ್ಳುಜಾಲಿಯ ಪೊದೆಗಳಿಗೂ ಸಿಕ್ಕಿಕೊಂಡು ಬದುಕಿದವರು.

ದಿವಿಸೀಮೆಯ ನಂತರವೇ ಕೆಲಸದ ದಿಕ್ಕು ಬದಲಾಯಿತು. ಸರ್ಕಾರ ಮತ್ತು ಸ್ವಯಂಸೇವಾ ಸಂಸ್ಥೆಗಳು ಕರಾವಳಿಯುದ್ದಕ್ಕೂ ಕಾಂಕ್ರೀಟ್ ಆಶ್ರಯಗಳನ್ನು ಕಟ್ಟಿದವು: ನೀರು ಅಡಿಯಲ್ಲಿ ಹರಿದುಹೋಗುವಂತೆ ಕಂಬಗಳ ಮೇಲೆ ನಿಂತ, ಉಳಿದ ದಿನಗಳಲ್ಲಿ ಶಾಲೆಯಾಗಿ ಬಳಕೆಯಾಗುವ ಕಟ್ಟಡಗಳು. ದಂಡೆಯಲ್ಲಿ ಗಾಳಿಮರದ ಸಾಲುಗಳನ್ನು ಬೆಳೆಸಲಾಯಿತು. 1980ರ ದಶಕದಲ್ಲಿ ಇನ್ಸಾಟ್ ಉಪಗ್ರಹದ ಮೂಲಕ ಎಚ್ಚರಿಕೆಯ ಮಾತನ್ನು ನೇರವಾಗಿ ಕರಾವಳಿಯ ಊರುಗಳಲ್ಲಿಟ್ಟ ಗ್ರಾಹಕ ಯಂತ್ರಗಳಿಗೆ ಸ್ಥಳೀಯ ಭಾಷೆಯಲ್ಲೇ ಕಳಿಸುವ ಏರ್ಪಾಡಾಯಿತು. 1990ರ ಮೇ 9ರಂದು ಕೃಷ್ಣೆಯ ಅಳಿವೆಯ ಬಳಿಯೇ, 1977ಕ್ಕೆ ಸಮಸಮವಾದ ಉಗ್ರತೆಯ ಚಂಡಮಾರುತ ಬಂದಾಗ, ಲಕ್ಷಕ್ಕೂ ಮಿಕ್ಕಿ ಜನರನ್ನು ಮುಂಚಿತವಾಗಿ ತೆರವು ಮಾಡಲಾಗಿತ್ತು. ಸತ್ತವರು ಸಾವಿರದ ಒಳಗಿದ್ದರು. ಆಂಧ್ರದ ಈ ಪಾಠ ಪಕ್ಕದ ಒಡಿಶಾಕ್ಕೆ ತಲುಪುವ ಮೊದಲು, 1999ರ ಅಕ್ಟೋಬರ್ 29ರಂದು ಪಾರಾದೀಪದ ಸುತ್ತಣ ಎರಸಮ ಸೀಮೆಯಲ್ಲಿ ಮತ್ತೆ ಹತ್ತು ಸಾವಿರದಷ್ಟು ಜನ ಸತ್ತರು. ಅಲ್ಲಿಂದ ಮುಂದೆ ಒಡಿಶಾ ಮಾಡಿದ ಕೆಲಸ ದೇಶಕ್ಕೇ ಮಾದರಿಯಾಯಿತು. 2013ರ ಅಕ್ಟೋಬರಿನಲ್ಲಿ ಫೈಲಿನ್ ಚಂಡಮಾರುತ ಗೋಪಾಲಪುರವನ್ನು ತಾಕುವ ಮುನ್ನ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಜಾಗಗಳಿಗೆ ಸಾಗಿಸಿ, ಸಾವನ್ನು ಕೆಲವು ಹತ್ತುಗಳಿಗೆ ಇಳಿಸಲಾಯಿತು.

ನೆಲದ ಮೇಲೆ ಹೀಗೆ ಎಚ್ಚರಿಕೆ ಕಡೆಯ ಮನೆಯವರೆಗೆ ಮುಟ್ಟುವಂತಾದ ಕಾಲದಲ್ಲೇ ಸಮುದ್ರದ ಮೇಲೆ ಅದು ಮುಟ್ಟದವರು ಉಳಿದಿದ್ದರು. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ದಕ್ಷಿಣಕ್ಕೆ ಹಾದುಹೋದ ಓಖಿ, ವಾಯುಭಾರ ಕುಸಿತದ ಹಂತದಿಂದ ಒಂದು ದಿನದೊಳಗೆ ಚಂಡಮಾರುತವಾಗಿ ಬೆಳೆಯಿತು. ಮೀನುಗಾರರಿಗೆ ಎಚ್ಚರಿಕೆ ಹೊರಡುವ ಹೊತ್ತಿಗೆ, ಕನ್ಯಾಕುಮಾರಿ ಜಿಲ್ಲೆಯ ಮತ್ತು ಕೇರಳದ ನೂರಾರು ದೋಣಿಗಳು ದಿನಗಟ್ಟಲೆ ಮೊದಲೇ ಹೊರಟು, ದಡದಿಂದ ಮೊಬೈಲೂ ಸಾಧಾರಣ ವೈರ್‌ಲೆಸ್ಸೂ ಮುಟ್ಟದ ದೂರದಲ್ಲಿದ್ದವು. ಇನ್ನೂರಕ್ಕೂ ಹೆಚ್ಚು ಮೀನುಗಾರರು ಸತ್ತರು ಅಥವಾ ಮರಳಿ ಬರಲಿಲ್ಲ; ಗಾಳಿಯ ಮುಂದೆ ಓಡಿದ ಅರವತ್ತಕ್ಕೂ ಹೆಚ್ಚು ದೋಣಿಗಳು ಮಹಾರಾಷ್ಟ್ರದ ಸಿಂಧುದುರ್ಗ ತೀರ ಸೇರಿ ಉಳಿದುಕೊಂಡವು. ಬಂದರಿನ ಸಂಕೇತಗಳು ಯಾರಿಗಾಗಿ ಹುಟ್ಟಿದವೋ ಆ ದೊಡ್ಡ ಹಡಗುಗಳಿಗೆ ಅಷ್ಟು ಹೊತ್ತಿಗೆ ಉಪಗ್ರಹದ ಫೋನು, ಹವಾಮಾನ ವರದಿ ಎಲ್ಲವೂ ಇದ್ದವು. ಓಖಿಯ ನಂತರ, 2019ರಲ್ಲಿ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದ ಎಚ್ಚರಿಕೆಗಳನ್ನು ಉಪಗ್ರಹದಿಂದ ನೇರವಾಗಿ ದೋಣಿಗೆ ತಲುಪಿಸುವ ಜೆಮಿನಿ ಎಂಬ ಪೆಟ್ಟಿಗೆ ಬಂದಿತು. ಅದರಲ್ಲಿ ದಡದ ಮಾತು ದೋಣಿಗೆ ಕೇಳುತ್ತಿತ್ತು, ದೋಣಿಯ ಮಾತು ದಡಕ್ಕೆ ಕೇಳುತ್ತಿರಲಿಲ್ಲ. ಎರಡೂ ಕಡೆಯಿಂದ ಸಂದೇಶ ಕಳಿಸಬಲ್ಲ, ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆ 2024ರ ಆಗಸ್ಟ್ 30ರಂದು ಆರಂಭವಾಗಿ, ಮಲ್ಪೆ, ಮಂಗಳೂರು, ಕಾರವಾರಗಳ ಬೋಟುಗಳೂ ಅದರ ವ್ಯಾಪ್ತಿಗೆ ಸೇರಿವೆ. ಯೋಜನೆ ಯಂತ್ರವಿರುವ ದೋಣಿಗಳಿಗೆ ಸೀಮಿತವಾಗಿದೆ. ಹುಟ್ಟು ಹಾಕಿಯೋ ಹಾಯಿ ಬಿಚ್ಚಿಯೋ ಕಡಲಿಗೆ ಹೋಗುವ ನಾಡದೋಣಿಗಳು ಅದರಲ್ಲಿ ಬಂದಿಲ್ಲ.